ಬ್ರೇಕ್ ಒತ್ತಿದಾಗ ಹಳೇ ಕಾರು ನಡುಗುತ್ತಾ? ಹೊಸ ಡಿಸ್ಕ್ ತರುವ ಮುಂಚೆ ಹಬ್ ನೋಡಿ

ಎಂಬತ್ತರ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೇರಿಂಗ್ ಗಡಗಡ ಅಲುಗುತ್ತದೆ. ಗ್ಯಾರೇಜಿನಲ್ಲಿ ಡಿಸ್ಕ್ ಬೆಂಡ್ ಆಗಿದೆ ಅಂತ ಲೇತ್‌ಗೆ ಕೊಡುತ್ತಾರೆ, ಇಲ್ಲವೇ ಹೊಸದನ್ನೇ ಹಾಕುತ್ತಾರೆ. ಕೆಲವು ಸಾವಿರ ಕಿಲೋಮೀಟರ್ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಅದೇ ನಡುಕ. ಹಳೇ ಸ್ವಿಫ್ಟ್, ವ್ಯಾಗನ್ ಆರ್, ಸ್ಯಾಂಟ್ರೋ ಓಡಿಸುವವರಲ್ಲಿ ಎಷ್ಟೋ ಜನ ಇದನ್ನು ಅನುಭವಿಸಿದ್ದಾರೆ. ಹೀಗೆ ಮರುಕಳಿಸುತ್ತಿದ್ದರೆ ಡಿಸ್ಕನ್ನು ಬೈಯುವ ಮುಂಚೆ ಅದು ಕೂರುವ ಹಬ್, ಅಂದರೆ ಚಕ್ರದ ನಡುವಿನ ತಿರುಗುವ ಭಾಗವನ್ನು ನೋಡಬೇಕು.

ಮೊದಲು ನಡುಕ ಎಲ್ಲಿಂದ ಅಂತ ಗೊತ್ತು ಮಾಡಿಕೊಳ್ಳಿ. ಬ್ರೇಕ್ ಒತ್ತದೆಯೂ ನಡುಗಿದರೆ ಅದು ಸಾಮಾನ್ಯವಾಗಿ ಬ್ರೇಕಿನ ವಿಷಯವಲ್ಲ, ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ, ಟೈರ್ ಉಬ್ಬಿದೆಯಾ ನೋಡಿ. ಬ್ರೇಕ್ ಒತ್ತಿದಾಗ ಮಾತ್ರ ಸ್ಟೇರಿಂಗ್ ಅಲುಗಿದರೆ ಸಾಮಾನ್ಯವಾಗಿ ಮುಂದಿನ ಡಿಸ್ಕ್. ಸೀಟಿನಲ್ಲಿ ಜಾಸ್ತಿ ಗೊತ್ತಾದರೆ ಹಿಂದಿನ ಚಕ್ರದ ಬ್ರೇಕ್ ಡ್ರಮ್ ಇರಬಹುದು. ಇದನ್ನು ಖಚಿತ ಮಾಡಿಕೊಳ್ಳಲು ಖಾಲಿ, ನೇರ, ಒಣ ರಸ್ತೆಯಲ್ಲಿ 40ರ ವೇಗದಲ್ಲಿ ಹ್ಯಾಂಡ್‌ಬ್ರೇಕಿನ ಬಟನ್ ಒತ್ತಿ ಹಿಡಿದುಕೊಂಡೇ ಲಿವರನ್ನು ನಿಧಾನವಾಗಿ ಎಳೆಯಿರಿ. ಆಗಲೂ ನಡುಕ ಬಂದರೆ ಡ್ರಮ್ ಬಿಚ್ಚಿಸಿ ನೋಡಿ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ಜಲ್ಲಿಯ ಮೇಲೆ ಜೋರಾಗಿ ತುಳಿದಾಗ ಪೆಡಲ್ ಕುಟ್ಟುವುದು ಮಾತ್ರ ಸಹಜ, ಅದಕ್ಕೆ ಹೆದರಬೇಡಿ.

ಮುಂದಿನ ಡಿಸ್ಕೇ ಅಂತಾದರೆ ಬೆಂಡ್ ಅನ್ನುವ ಮಾತನ್ನು ಸ್ವಲ್ಪ ಪಕ್ಕಕ್ಕಿಡಿ. ನಿಜಕ್ಕೂ ಬಾಗಿದ ಡಿಸ್ಕ್ ಅಪರೂಪ. ಹೆಚ್ಚಾಗಿ ಆಗುವುದು ಇಷ್ಟು: ಹಬ್ ಮೇಲೆ ತುಕ್ಕಿನ ಪದರ ಕೂತಿರುತ್ತದೆ, ಅದರ ಮೇಲೆ ಹಾಕಿದ ಡಿಸ್ಕ್ ಒಂದು ಕೂದಲೆಳೆಯಷ್ಟು ವಾರೆ ನಿಲ್ಲುತ್ತದೆ, ಹಬ್‌ನಲ್ಲಿನ ಆ ವಾರೆ ಡಿಸ್ಕಿನ ಅಂಚಿಗೆ ಬರುವಷ್ಟರಲ್ಲಿ ಇನ್ನೂ ಹೆಚ್ಚುತ್ತದೆ, ಬ್ರೇಕ್ ಒತ್ತದೇ ಇದ್ದಾಗಲೂ ಪ್ರತಿ ಸುತ್ತಿಗೆ ಅದೇ ಜಾಗ ಡಿಸ್ಕನ್ನು ಹಿಡಿಯುವ ಪ್ಯಾಡಿಗೆ ತಾಗಿ ಸವೆಯುತ್ತಾ ಹೋಗುತ್ತದೆ. ಕೊನೆಗೆ ಡಿಸ್ಕ್ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಈ ವ್ಯತ್ಯಾಸ ಒಂದು ಮಿಲಿಮೀಟರಿನ ನೂರನೇ ಒಂದೆರಡು ಭಾಗ ಇದ್ದರೂ ಕಾಲಿಗೆ ಗೊತ್ತಾಗುತ್ತದೆ. ಹೊಸ ಡಿಸ್ಕ್ ಹಾಕಿದ ತಕ್ಷಣ ಸರಿಯಾಗಿದ್ದು ಆಮೇಲೆ ಕೆಡುವುದು ಇದಕ್ಕೇ. ಸವೆಯಲು ಸಮಯ ಬೇಕಲ್ವಾ.

ಆದ್ದರಿಂದ ಡಿಸ್ಕ್ ಬಿಚ್ಚಿದಾಗ ಹಬ್ ಮುಖವನ್ನು ವೈರ್ ಬ್ರಷ್ ಮತ್ತು ಎಮರಿ ಪೇಪರಿನಿಂದ ಲೋಹ ಹೊಳೆಯುವ ತನಕ ಉಜ್ಜಿ. ಬೋಲ್ಟ್‌ಗಳ ಬುಡದಲ್ಲಿ ಅಡಗಿರುವ ತುಕ್ಕನ್ನು ಬಿಡಬೇಡಿ, ಡಿಸ್ಕಿನ ಒಳಮುಖವನ್ನೂ ಒರೆಸಿ. ಎಲ್ಲ ನಟ್ ಹಾಕಿ ಬಿಗಿ ಮಾಡಿ, ವಾರೆ ಎಷ್ಟಿದೆ ಅಂತ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಇಟ್ಟು ಡಿಸ್ಕ್ ತಿರುಗಿಸಿ. ವಾರೆಯ ಮಿತಿ ಕಾರಿನಿಂದ ಕಾರಿಗೆ ಬೇರೆ, ಆದರೆ 0.05 ಮಿಲಿಮೀಟರ್ ಒಳಗೆ ಬಂದರೆ ನೆಮ್ಮದಿ. ಜಾಸ್ತಿ ಬಂದರೆ ಡಿಸ್ಕನ್ನು ಒಂದು ಬೋಲ್ಟಿನಷ್ಟು ತಿರುಗಿಸಿ ಹಾಕಿ ಮತ್ತೆ ಅಳೆಯಿರಿ. ಎತ್ತರದ ಜಾಗ ಡಿಸ್ಕ್ ಜೊತೆಗೇ ಸರಿದರೆ ದೋಷ ಡಿಸ್ಕಿನದ್ದು, ಹಬ್ ಜೊತೆಗೇ ಉಳಿದರೆ ಹಬ್ ಅಥವಾ ಬೇರಿಂಗಿನದ್ದು. ಗೇಜ್ ಇಲ್ಲದ ಗ್ಯಾರೇಜಾದರೆ ಇರುವ ಕಡೆ ಹೋಗಿ, ಕಣ್ಣಂದಾಜಿಗೆ ಇದು ಸಿಗುವುದಿಲ್ಲ. ದಪ್ಪವನ್ನು ಮೈಕ್ರೋಮೀಟರಿನಲ್ಲಿ ಆರೆಂಟು ಕಡೆ ಅಳೆಸಿ. ಡಿಸ್ಕಿನ ಮೇಲೆ ಸಾಮಾನ್ಯವಾಗಿ ಕನಿಷ್ಠ ದಪ್ಪ ಕೊರೆದಿರುತ್ತದೆ, ಅದಕ್ಕಿಂತ ತೆಳುವಾಗುವುದಾದರೆ ಲೇತ್ ಬೇಡ, ಎಡ ಬಲ ಎರಡೂ ಚಕ್ರಕ್ಕೆ ಹೊಸದೇ ಹಾಕಿಸಿ.

ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಚ್ಚಿದ್ದಾಗಲೇ ಅದು ಸರಿದಾಡುವ ಸ್ಲೈಡ್ ಪಿನ್‌ಗಳು ಕೈಯಲ್ಲಿ ಸರಾಗವಾಗಿ ಜಾರುತ್ತವೆಯಾ ನೋಡಿ. ಹಿಡಿದುಕೊಂಡಿದ್ದರೆ ಸ್ವಚ್ಛ ಮಾಡಿ ಬ್ರೇಕಿಗೆಂದೇ ಬರುವ ಗ್ರೀಸ್ ಹಚ್ಚಿ. ಮಾಮೂಲಿ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ. ಕ್ಯಾಲಿಪರನ್ನು ಹೋಸಿನ ಮೇಲೆ ನೇತಾಡಲು ಬಿಡಬೇಡಿ, ತಂತಿಯಲ್ಲಿ ಕಟ್ಟಿ. ಕಾರಿನ ಕೆಳಗೆ ಬರೀ ಜ್ಯಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ.

ಚಕ್ರ ಹಾಕುವಾಗ ನಟ್‌ಗಳನ್ನು ಎದುರುಬದುರು ಬಿಗಿ ಮಾಡಿ, ಕೊನೆಯ ಬಿಗಿ ಟಾರ್ಕ್ ರೆಂಚಿನಲ್ಲೇ, ಕಾರಿನ ಪುಸ್ತಕದಲ್ಲಿರುವ ಅಳತೆಗೆ. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಗನ್ನಿನಿಂದ ಒಂದೇ ಕಡೆಯಿಂದ ಬಿಗಿದರೆ ಇಷ್ಟೆಲ್ಲ ಮಾಡಿದ್ದು ನೀರುಪಾಲು. ಕಾರು ಕದಲಿಸುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ, ಇದನ್ನು ಮಾತ್ರ ಮರೆಯಲೇಬೇಡಿ.

ಹೊಸ ಪ್ಯಾಡ್ ಆದರೆ ಖಾಲಿ ರಸ್ತೆಯಲ್ಲಿ 60ರಿಂದ 10ಕ್ಕೆ ಎಂಟು ಹತ್ತು ಸಲ ಹದವಾಗಿ ಇಳಿಸಿ, ಪೂರ್ತಿ ನಿಲ್ಲಿಸದೆ. ಆಮೇಲೆ ಬ್ರೇಕ್ ಒತ್ತದೆ ಸ್ವಲ್ಪ ದೂರ ಓಡಿಸಿ ತಣ್ಣಗಾಗಲು ಬಿಡಿ. ಚಾರ್ಮಾಡಿ, ಆಗುಂಬೆಯಂಥ ಘಾಟಿ ಇಳಿಯುವಾಗ ಎರಡನೇ ಗೇರಿನಲ್ಲಿ ಇಳಿಯಿರಿ, ಕೆಳಗೆ ಬಂದು ಕಾದ ಚಕ್ರಕ್ಕೆ ನೀರು ಹೊಡೆಯಬೇಡಿ.

ಇಷ್ಟಾದರೂ ನಡುಕ ಉಳಿದರೆ ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್ ಮತ್ತು ಟೈ ರಾಡ್ ಎಂಡ್ ಅಲ್ಲಾಡಿಸಿ ನೋಡಿಸಿ. ಇವು ಸಡಿಲವಾದ ಹಳೇ ಕಾರಿನಲ್ಲಿ ಸಣ್ಣ ನಡುಕವೂ ದೊಡ್ಡದಾಗಿ ಕೈಗೆ ಬರುತ್ತದೆ.