ತಂಬಿಗೆಗೆ ದಾರ ಸುತ್ತಿ ಕಲಿತ ಇಂಟಿಗ್ರೇಷನ್

ಬಿಎಸ್ಸಿ ಎರಡನೇ ಸೆಮಿಸ್ಟರಿನ ಮೊದಲ ಇಂಟರ್ನಲ್ಸ್‌ನಲ್ಲಿ ಕ್ಯಾಲ್ಕುಲಸ್‌ಗೆ ನನಗೆ ಬಂದಿದ್ದು 20ಕ್ಕೆ 4. ಓದದೇ ಬಂದ 4 ಆಗಿದ್ದರೆ ಬೇಜಾರಿರಲಿಲ್ಲ. ಸೂತ್ರಗಳೆಲ್ಲ ಬಾಯಿಪಾಠ ಆಗಿದ್ದವು. ಅಭ್ಯಾಸದ ಲೆಕ್ಕಗಳನ್ನೂ ಒಂದು ಬಿಡದೆ ಮಾಡಿದ್ದೆ. ಆದರೂ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಎಲ್ಲಿಂದ ಶುರು ಮಾಡೋದು ಅಂತಲೇ ಗೊತ್ತಾಗಲಿಲ್ಲ.

ಕಾರಣ ಹೊಳೆದದ್ದು ಒಂದು ವಾರ ಬಿಟ್ಟು. ಪುಸ್ತಕದಲ್ಲಿ ಪಾಠದ ತಲೆಯ ಮೇಲೇ 'ಬೈ ಪಾರ್ಟ್ಸ್' ಅಂತ ಬರೆದಿರುತ್ತದೆ, ಗುಣಾಕಾರದಲ್ಲಿರುವ ಎರಡು ಫಂಕ್ಷನ್‌ಗಳನ್ನು ಇಂಟಿಗ್ರೇಟ್ ಮಾಡುವ ಒಂದು ವಿಧಾನ ಅದು. ಕೆಳಗಿನ ಮೂವತ್ತು ಲೆಕ್ಕಕ್ಕೂ ಅದೇ ದಾರಿ. ನಾನು ಯೋಚಿಸಬೇಕಾದ್ದು ಏನೂ ಇಲ್ಲ, ಕೈ ಓಡಿದರೆ ಆಯಿತು. ಪರೀಕ್ಷೆಯಲ್ಲಿ ಆ ತಲೆಬರಹ ಇರಲ್ಲ, ಅಲ್ವಾ?

ಮೊದಲ ಸೆಮಿಸ್ಟರಿನಲ್ಲಿ ಈ ತೊಂದರೆ ಇರಲಿಲ್ಲ. ಡಿಫರೆನ್ಸಿಯೇಷನ್ ಅಂದರೆ ದೇವಿಮನೆ ಘಟ್ಟ ಇಳಿದ ಹಾಗೆ. ತಿರುವು ಎಷ್ಟೇ ಇರಲಿ, ರಸ್ತೆ ಒಂದೇ, ಕೊನೆಗೆ ಕುಮಟಾ ಬಂದೇ ಬರುತ್ತದೆ. ಅದನ್ನೇ ಹಿಂದಕ್ಕೆ ಮಾಡುವ ಇಂಟಿಗ್ರೇಷನ್ ಅಂದರೆ ಕಾನು, ದಟ್ಟ ಕಾಡು. ಕಾಲುದಾರಿ ಹತ್ತಾರು, ಕೆಲವು ಎಲ್ಲಿಗೂ ಹೋಗಲ್ಲ.

ನಮ್ಮೂರಿಂದ ಶಿರಸಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಆ ರಸ್ತೆಯಲ್ಲಿ ಬರೆಯೋಕಂತೂ ಆಗಲ್ಲ. ಅದಕ್ಕೇ ಒಂದು ಉಪಾಯ ಮಾಡಿದೆ. ಬೇರೆ ಬೇರೆ ಪಾಠಗಳಿಂದ ಅರವತ್ತು ಲೆಕ್ಕ ಆರಿಸಿ, ಹಿಂದೆ ಮುಂದೆ ಮಾಡಿ, ಉತ್ತರವಿಲ್ಲದೆ ಒಂದು ಸಣ್ಣ ನೋಟ್‌ಬುಕ್ಕಿಗೆ ಇಳಿಸಿದೆ. ಬಸ್ಸಿನಲ್ಲಿ ಕೂತು ಲೆಕ್ಕ ಮಾಡುತ್ತಿರಲಿಲ್ಲ. ಪ್ರತಿಯೊಂದನ್ನೂ ನೋಡಿ ಇದಕ್ಕೆ ಯಾವ ದಾರಿ, ಯಾಕೆ ಅಂತ ಮನಸ್ಸಿನಲ್ಲೇ ಹೇಳಿಕೊಳ್ಳುವುದು, ಅಷ್ಟೇ. ಮನೆಗೆ ಬಂದ ಮೇಲೆ ಅನುಮಾನ ಬಂದ ನಾಲ್ಕೈದನ್ನು ಮಾತ್ರ ಪೂರ್ತಿ ಬಿಡಿಸುತ್ತಿದ್ದೆ. ಬಂದ ಉತ್ತರವನ್ನು ಡಿಫರೆನ್ಸಿಯೇಟ್ ಮಾಡಿ ನೋಡಿದರೆ ಸರಿಯೋ ತಪ್ಪೋ ತಿಳಿಯುತ್ತದೆ. ಯಾರನ್ನೂ ಕೇಳಬೇಕಿಲ್ಲ.

ಮೊದಲ ಪುಟದಲ್ಲೇ ಮೂರು ಲೆಕ್ಕ ಒಟ್ಟಿಗೆ ಬರೆದುಕೊಂಡಿದ್ದೆ. ಎಕ್ಸ್ ಗುಣಿಸು ಇ ಪವರ್ ಎಕ್ಸ್. ಎಕ್ಸ್ ಗುಣಿಸು ಇ ಪವರ್ ಎಕ್ಸ್ ಸ್ಕ್ವೇರ್. ಬರೀ ಇ ಪವರ್ ಎಕ್ಸ್ ಸ್ಕ್ವೇರ್. ನೋಡೋಕೆ ಒಂದೇ ಮನೆಯ ಅಣ್ಣ ತಮ್ಮಂದಿರು. ಮೊದಲನೆಯದು ಬೈ ಪಾರ್ಟ್ಸ್‌ಗೆ ಬಗ್ಗುತ್ತದೆ. ಎರಡನೆಯದಕ್ಕೆ ಎಕ್ಸ್ ಸ್ಕ್ವೇರನ್ನು ಯು ಅಂತ ಇಟ್ಟರೆ ಸಾಕು, ಹೊರಗಿನ ಎಕ್ಸ್ ಅದಕ್ಕೇ ಕಾಯುತ್ತಾ ಕೂತಿದೆ. ಮೂರನೆಯದು ಎಲ್ಲಕ್ಕಿಂತ ಚಿಕ್ಕದು, ಆದರೆ ನಮಗೆ ಗೊತ್ತಿರುವ ಯಾವ ಫಂಕ್ಷನ್ ಜೋಡಿಸಿದರೂ ಅದಕ್ಕೆ ಉತ್ತರ ಬರೆಯಲಾಗಲ್ಲ. ಲಿಯೂವಿಲ್ ಎಂಬ ಫ್ರೆಂಚ್ ಗಣಿತಜ್ಞ 19ನೇ ಶತಮಾನದಲ್ಲಿ ಕಟ್ಟಿದ ಸಿದ್ಧಾಂತದಿಂದ ಇದನ್ನು ಸಾಧಿಸಿ ತೋರಿಸಬಹುದಂತೆ. ಇದು ತಿಳಿಯದೆ ಒಂದಿಡೀ ಭಾನುವಾರ ಅದರ ಜೊತೆ ಗುದ್ದಾಡಿದ್ದೆ.

ಇ ಪವರ್ ಎಕ್ಸ್ ಗುಣಿಸು ಸೈನ್ ಎಕ್ಸ್ ಇನ್ನೊಂದು ತಮಾಷೆ. ಎರಡು ಸಲ ಬೈ ಪಾರ್ಟ್ಸ್ ಮಾಡಿದರೆ ಹೊರಟ ಲೆಕ್ಕವೇ ಮತ್ತೆ ಎದುರಿಗೆ ನಿಲ್ಲುತ್ತದೆ. ದಾರಿ ತಪ್ಪಿತು ಅಂತ ಪುಟ ಹರಿದಿದ್ದೆ. ತಪ್ಪಿರಲಿಲ್ಲ. ಅದನ್ನು ಈ ಕಡೆಗೆ ತಂದು ಎರಡರಿಂದ ಭಾಗಿಸಿದರೆ ಮುಗಿಯಿತು.

ಸೀರೀಸ್, ಅಂದರೆ ಕೊನೆಯಿಲ್ಲದೆ ಕೂಡುತ್ತಾ ಹೋಗುವ ಸಾಲುಗಳ ಪಾಠ ಬಂದಾಗಲೂ ಇದೇ ಕಥೆ. ಮೊತ್ತ ಒಂದು ಕಡೆ ನಿಲ್ಲುತ್ತದೋ ಇಲ್ಲವೋ ನೋಡಲು ಯಾವ ಟೆಸ್ಟ್ ಹಾಕೋದು ಅನ್ನೋದೇ ಅರ್ಧ ಕೆಲಸ. 1 + 1/2 + 1/3 ಹೀಗೆ ಹೋಗುವುದನ್ನು ನೂರು ಪದಗಳವರೆಗೆ ಕ್ಯಾಲ್ಕುಲೇಟರಿನಲ್ಲಿ ಕೂಡಿಸಿದೆ. ಬಂದಿದ್ದು 5.19. ಇದು ಇಲ್ಲೇ ಎಲ್ಲೋ ನಿಲ್ಲುತ್ತದೆ ಅಂತ ಬೆಟ್ ಕಟ್ಟಲೂ ತಯಾರಿದ್ದೆ. ಸರ್ ನಕ್ಕು ಬೋರ್ಡಿನ ಮೇಲೆ ಗುಂಪು ಮಾಡಿದರು. 1/3 ಮತ್ತು 1/4 ಕೂಡಿದರೆ ಅರ್ಧಕ್ಕಿಂತ ಜಾಸ್ತಿ. 1/5ರಿಂದ 1/8ರವರೆಗಿನ ನಾಲ್ಕು ಕೂಡಿದರೂ ಅರ್ಧಕ್ಕಿಂತ ಜಾಸ್ತಿ. ಮುಂದಿನ ಎಂಟೂ ಹಾಗೇ. ಅರ್ಧ ಅರ್ಧ ಸೇರುತ್ತಲೇ ಹೋದರೆ ನಿಲ್ಲೋದೆಲ್ಲಿ? ಆದರೆ ಎಂಥ ಸೋಮಾರಿ ಅಂದರೆ 10 ದಾಟೋಕೆ 12,367 ಪದ ಬೇಕು. ಕ್ಯಾಲ್ಕುಲೇಟರ್ ನಂಬಬಾರದು ಅಂತ ಅವತ್ತು ಗೊತ್ತಾಯಿತು.

ನಮ್ಮ ಇದೇ ಕರಾವಳಿಯ ಗುಂಟ ಕೆಳಗೆ ಹೋದರೆ ಸಿಗುವ ಕೇರಳದಲ್ಲಿ 14ನೇ ಶತಮಾನದಲ್ಲಿ ಮಾಧವ ಎಂಬ ಗಣಿತಜ್ಞ ಇದ್ದ. 1 – 1/3 + 1/5 – 1/7 ಅಂತ ಹೋಗುವ ಸಾಲು ಪೈನ ಕಾಲುಭಾಗಕ್ಕೆ ಸೇರುತ್ತದೆ ಅನ್ನೋದು ಅವನ ಹೆಸರಿನಲ್ಲಿದೆ. ಹತ್ತು ಪದ ಕೂಡಿಸಿ ನಾಲ್ಕರಿಂದ ಗುಣಿಸಿದೆ, 3.04 ಬಂತು. ನೂರು ಪದಕ್ಕೆ 3.13. ಆಮೇಲೆ ಕೈ ಸೋತಿತು.

ತಂಬಿಗೆಯ ವಿಷಯಕ್ಕೆ ಬರುತ್ತೇನೆ. ವಕ್ರರೇಖೆ ತಿರುಗಿಸಿ ಗಾತ್ರ ತೆಗೆಯುವ ಲೆಕ್ಕ ನನಗೆ ಕಣ್ಣಿಗೆ ಕಟ್ಟುತ್ತಲೇ ಇರಲಿಲ್ಲ. ಒಂದು ಸಂಜೆ ಮಳೆಗೆ ಕರೆಂಟ್ ಹೋಗಿತ್ತು. ಹಿತ್ತಾಳೆ ತಂಬಿಗೆ ಎದುರಿಗಿತ್ತು. 12 ಸೆಂಟಿಮೀಟರ್ ಎತ್ತರ. ಎರಡೆರಡು ಸೆಂಟಿಮೀಟರಿಗೆ ಗುರುತು ಹಾಕಿ ದಾರ ಸುತ್ತಿ ಸುತ್ತಳತೆ ತೆಗೆದೆ. ಬುಡದಿಂದ ಬಾಯಿಯವರೆಗೆ 24, 34, 39, 40, 36, 26, 26. ಅಮ್ಮ ಬಂದು ನೋಡಿ, "ಎಂತದಾ ಮಾಣಿ, ತಂಬಿಗೆಗೆ ಜನಿವಾರ ಹಾಕ್ತಾ ಇದ್ಯಾ?" ಅಂದಳು.

ಸುತ್ತಳತೆಯ ವರ್ಗವನ್ನು ನಾಲ್ಕು ಪೈನಿಂದ ಭಾಗಿಸಿದರೆ ಆ ಎತ್ತರದ ಬಿಲ್ಲೆಯ ವಿಸ್ತೀರ್ಣ. ಆರು ಭಾಗ, ಸಮಸಂಖ್ಯೆ, ಹಾಗಾಗಿ ಈ ವಿಸ್ತೀರ್ಣಗಳಿಂದ ಗಾತ್ರ ಅಂದಾಜಿಸುವ ಸಿಂಪ್ಸನ್ ನಿಯಮ ಹಾಕಬಹುದು. ಸುಮಾರು 1,094 ಮಿಲಿಲೀಟರ್ ಬಂತು. ಅಳತೆ ಪಾತ್ರೆಯಿಂದ ನೀರು ಹೊಯ್ದರೆ ಹಿಡಿದಿದ್ದು 1,040ರ ಆಸುಪಾಸು. ಐವತ್ತು ಎಲ್ಲಿ ಹೋಯಿತು? ನಾನು ದಾರ ಸುತ್ತಿದ್ದು ಹೊರಗೆ. ನೀರು ಇರೋದು ಒಳಗೆ. ಹಿತ್ತಾಳೆಯ ದಪ್ಪ ಒಂದು ಮಿಲಿಮೀಟರ್ ಇದ್ದರೂ ಹೆಚ್ಚುಕಡಿಮೆ ಅಷ್ಟು ವ್ಯತ್ಯಾಸ ಬರುತ್ತದೆ. ಆಮೇಲೆ ಆ ಪಾಠದ ಯಾವ ಲೆಕ್ಕವೂ ನನ್ನನ್ನು ಹೆದರಿಸಲಿಲ್ಲ.

ಕೊನೆಯ ಪರೀಕ್ಷೆಯಲ್ಲಿ ಮೊದಲ ಹತ್ತು ನಿಮಿಷ ಪೆನ್ನೇ ಮುಟ್ಟಲಿಲ್ಲ. ಪ್ರತಿ ಪ್ರಶ್ನೆಯ ಪಕ್ಕ ಪೆನ್ಸಿಲಿನಲ್ಲಿ ದಾರಿಯ ಹೆಸರು ಗೀಚಿದೆ, ಆಮೇಲೆ ಬರೆಯಲು ಕೂತೆ. ಪಾಸಾದೆ, ಚೆನ್ನಾಗಿಯೇ.

ಅಷ್ಟರಲ್ಲಿ ತೋಟಕ್ಕೆ ಮದ್ದು ಹೊಡೆಯುವ ಹೊತ್ತು. ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಹೊಸ ಡ್ರಮ್ಮಿನಲ್ಲಿ ಗೆರೆ ಇರಲಿಲ್ಲ. ಅಪ್ಪ, "ತಂಬಿಗೆ ಅಳೆದವನಲ್ವಾ, ಇದಕ್ಕೂ ನಿನ್ನ ಇಂಟಿಗ್ರೇಷನ್ ಹಾಕು" ಅಂದ. ದಾರ ತಂದೆ, ಡ್ರಮ್ಮನ್ನು ಒಂದು ಸುತ್ತು ನೋಡಿದೆ. ನೆಟ್ಟಗೆ ನಿಂತ ಸಿಲಿಂಡರ್. ಹೈಸ್ಕೂಲಿನ ಸೂತ್ರವೇ ಸಾಕು. ಒಳಗಿನ ತ್ರಿಜ್ಯ 28 ಸೆಂಟಿಮೀಟರ್. ಬುಡದಿಂದ 40.6 ಸೆಂಟಿಮೀಟರಿಗೆ ಇದ್ದಿಲಿನಲ್ಲಿ ಗೆರೆ ಎಳೆದು, ದಾರವನ್ನು ಕಿಸೆಗೆ ಹಾಕಿಕೊಂಡೆ.