ಬೇಸಿಗೆ ಫೆಸ್ಟ್‌ನಲ್ಲಿ ಸ್ಟೇಜ್ ನೋಡ್ಕೊಳ್ಳೋದು: ಒಂದು ಬ್ಯಾಂಡ್ ಇಳಿದು ಇನ್ನೊಂದು ಹತ್ತೋ ಆ 15 ನಿಮಿಷ

ನಮ್ಮ ಗುಂಪು ಬೇಸಿಗೇಲಿ ಒಂದು ಸಣ್ಣ ಓಪನ್ ಏರ್ ಫೆಸ್ಟ್ ಮಾಡತ್ತೆ, ಎಲ್ಲಾ ಲೋಕಲ್ ಬ್ಯಾಂಡ್‌ಗಳೇ, ಸ್ಟೇಜ್ ಜವಾಬ್ದಾರಿ ನಂದು. ನಾವೂ ಒಂದು ಫೆಸ್ಟ್ ಮಾಡ್ಬೇಕು ಅಂತ ಬರೋರು ಕೇಳೋದೆಲ್ಲ ಸ್ಪಾನ್ಸರ್ ಹೇಗೆ ಹಿಡಿಯೋದು, ಕೊನೇಲಿ ಯಾರನ್ನ ಹತ್ತಿಸೋದು ಇಂಥದ್ದೇ. ಚೇಂಜ್‌ಓವರ್, ಅಂದ್ರೆ ಒಂದು ಬ್ಯಾಂಡ್ ಇಳಿಸಿ ಇನ್ನೊಂದನ್ನ ಹತ್ತಿಸೋದು, ಅದರ ಬಗ್ಗೆ ಒಬ್ರೂ ಕೇಳಲ್ಲ. ಲೆಕ್ಕ ಹಾಕಿ ನೋಡಿ, 6 ಬ್ಯಾಂಡ್ ಅಂದ್ರೆ ನಡುವೆ 5 ಚೇಂಜ್‌ಓವರ್, ಒಂದೊಂದಕ್ಕೆ ಅರ್ಧ ಗಂಟೆ ಹಿಡಿದ್ರೆ ಎರಡೂವರೆ ಗಂಟೆ ಜನ ಸೆಕೆಯಲ್ಲಿ ಕೂತು ಖಾಲಿ ಸ್ಟೇಜ್ ನೋಡ್ಬೇಕು, ಯಾರು ನೋಡ್ತಾರೆ, ಎದ್ದು ಹೋಗ್ತಾರೆ ಅಷ್ಟೆ. ಅದನ್ನೇ 15 ನಿಮಿಷಕ್ಕೆ ತಂದ್ರೆ ಒಂದೂಕಾಲು ಗಂಟೆ ಉಳಿಯತ್ತೆ, ಅಷ್ಟರಲ್ಲಿ ಇನ್ನೂ ಎರಡು ಹೊಸ ಬ್ಯಾಂಡ್‌ಗೆ 20 ನಿಮಿಷದ ಸೆಟ್ ಕೊಡಬಹುದು.

ಮೊದಲನೇ ಷರತ್ತು, ಡ್ರಮ್ ಕಿಟ್ ಎಲ್ಲರಿಗೂ ಒಂದೇ. ಕಿಕ್ (ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್), ಟಾಮ್ಸ್, ಸ್ಟ್ಯಾಂಡ್‌ಗಳು ನಮ್ಮವು, ಡ್ರಮ್ಮರ್‌ಗಳು ಸ್ನೇರ್, ಸಿಂಬಲ್ಸ್, ಕಿಕ್ ಪೆಡಲ್ ಮಾತ್ರ ತರ್ತಾರೆ. ಇದಕ್ಕೆ ಮುಖ ಊದಿಸ್ಕೊಳ್ಳೋರು ಇದ್ದೇ ಇರ್ತಾರೆ, ನನ್ನ ಕಿಟ್ ಇಲ್ದಿದ್ರೆ ನನ್ನ ಸೌಂಡ್ ಬರಲ್ಲ ಅಂತಾರೆ, ಇರಬಹುದು ಮಾರಾಯ, ಆದ್ರೆ ನಿನ್ನ ಕಿಟ್ ಬಿಚ್ಚಿ ಜೋಡಿಸಿ ಮೈಕ್ ಹಾಕೋ ಹೊತ್ತಿಗೆ ಅರ್ಧ ಜನ ಮನೇಲಿರ್ತಾರೆ. ಕಿಟ್ ಕೆಳಗೆ ದಪ್ಪ ಕಾರ್ಪೆಟ್ ಬೇಕೇ ಬೇಕು, ಇಲ್ಲಾಂದ್ರೆ ಬಾರಿಸ್ತಾ ಬಾರಿಸ್ತಾ ಕಿಕ್ ಮುಂದೆ ಜಾರ್ತಾ ಹೋಗತ್ತೆ. ಪ್ರತಿ ಡ್ರಮ್ಮರ್‌ಗೆ ಒಂದು ಬಣ್ಣದ ಟೇಪ್ ಇಟ್ಟು ಸ್ಟೂಲ್ ಎಲ್ಲಿ, ಹೈಹ್ಯಾಟ್ ಕಾಲು ಎಲ್ಲಿ ಅಂತ ಆ ಕಾರ್ಪೆಟ್ ಮೇಲೇನೇ ಗುರುತು ಮಾಡ್ತೀವಿ. ಎಡಗೈ ಡ್ರಮ್ಮರ್ ಇರೋ ಬ್ಯಾಂಡ್ ಇದ್ರೆ ಅವರನ್ನ ಮೊದಲನೇದಾಗಿ ಹಾಕ್ತೀನಿ, ಯಾಕಂದ್ರೆ ಕಿಟ್ ಪೂರ್ತಿ ಉಲ್ಟಾ ಮಾಡ್ಬೇಕು, ಮೊದಲೇ ಇದ್ರೆ ಶೋ ನಡುವೆ ತಿರುಗಿಸೋ ಕೆಲಸ ಒಂದೇ ಸಲ.

ಎರಡನೇದು ಇನ್‌ಪುಟ್ ಲಿಸ್ಟ್, ಅಂದ್ರೆ ಮಿಕ್ಸರ್‌ಗೆ ಯಾವ್ಯಾವ ಮೈಕ್, ವಾದ್ಯ ಸೇರಿಸ್ಬೇಕು ಅನ್ನೋ ಪಟ್ಟಿ, ಇದು ವಾರಗಟ್ಟಲೆ ಮುಂಚೇನೇ ಬರ್ಬೇಕು. ಬ್ಯಾಂಡ್‌ನವರು "ನಾರ್ಮಲ್ ಸೆಟಪ್ ಬ್ರೋ" ಅಂತ ಮೆಸೇಜ್ ಹಾಕ್ತಾರೆ. ನಾರ್ಮಲ್ ಅಂತ ಒಂದು ಸೆಟಪ್ ಇಲ್ಲ. ಎಷ್ಟು ಜನ ಹಾಡ್ತಾರೆ, ಡ್ರಮ್ಮರ್ ಕೂಡ ಹಾಡ್ತಾನಾ, ಕೀಬೋರ್ಡ್ ಮೋನೋನಾ ಸ್ಟೀರಿಯೋನಾ, ಲ್ಯಾಪ್‌ಟಾಪ್‌ನಿಂದ ಟ್ರ್ಯಾಕ್ ಓಡತ್ತಾ, ಅಕೌಸ್ಟಿಕ್ ಗಿಟಾರ್‌ಗೆ ಪಿಕಪ್ ಇದೆಯಾ, ಒಂದೊಂದೂ ಬಾಯಿ ಬಿಡಿಸ್ಬೇಕು. ನಾವು ಮಿಕ್ಸರ್‌ನ 16 ಚಾನೆಲ್‌ನಲ್ಲೇ (ಒಂದೊಂದು ಸಿಗ್ನಲ್‌ಗೆ ಒಂದೊಂದು ದಾರಿ) ಮುಗಿಸ್ತೀವಿ, ಡ್ರಮ್ಸ್‌ಗೆ 4, ಬೇಸ್‌ಗೆ 1, ಗಿಟಾರ್‌ಗೆ 2, ಕೀಬೋರ್ಡ್‌ಗೆ 2, ವೋಕಲ್ಸ್‌ಗೆ 4, ಉಳಿದ 3 ಕೊಳಲು, ವಯಲಿನ್, ತಬಲಾ ಏನು ಬರತ್ತೋ ಅದಕ್ಕೆ. ನಂಬರ್ ಮಾತ್ರ ಇಡೀ ದಿನ ಬದಲಾಗಲ್ಲ, ಬೆಳಿಗ್ಗೆ 1 ಅಂದ್ರೆ ಕಿಕ್, ರಾತ್ರೀನೂ 1 ಅಂದ್ರೆ ಕಿಕ್. ಡಿಜಿಟಲ್ ಮಿಕ್ಸರ್ ಇದ್ರೆ ಬ್ಯಾಂಡ್‌ಗೊಂದು ಸೀನ್, ಅಂದ್ರೆ ಅವರ ಸೆಟ್ಟಿಂಗ್ ಎಲ್ಲಾ, ಸೇವ್ ಮಾಡಿಡೋದು. ಇನ್ನೊಂದು, ಕೇಬಲ್ ಕೀಳೋ ಮುಂಚೆ "ಮ್ಯೂಟ್" ಅಂತ ಕೂಗಿ, ಸೌಂಡ್ ಎಂಜಿನಿಯರ್ ಅಲ್ಲಿಂದ ಕೈ ಎತ್ತಿದ ಮೇಲೇನೇ ಕೀಳ್ಬೇಕು. ಕೆಲವು ಮೈಕ್‌ಗಳಿಗೆ ಮಿಕ್ಸರ್‌ನಿಂದ್ಲೇ ಕೊಡೋ 48 ವೋಲ್ಟ್ ಹೋಗ್ತಿರೋ ಚಾನೆಲ್ ತೆರೆದಿದ್ದಾಗ ಕೇಬಲ್ ಎಳೆದ್ರೆ ಬರೋ ಢಬ್ ಅನ್ನೋ ಸದ್ದಿಗೆ ಮುಂದೆ ಕೂತಿರೋ ಮಕ್ಕಳು ಅಳೋಕೆ ಶುರು ಮಾಡ್ತಾವೆ, ಸ್ಪೀಕರ್‌ಗೂ ಒಳ್ಳೇದಲ್ಲ.

ಸೌಂಡ್‌ಚೆಕ್ ಉಲ್ಟಾ ಆರ್ಡರ್‌ನಲ್ಲಿ, ಕೊನೇಗೆ ಹಾಡೋರು ಮೊದಲು, ಮೊದಲು ಹಾಡೋರು ಕೊನೇಗೆ. ಆಗ ಶೋ ಶುರುವಾಗೋ ಹೊತ್ತಿಗೆ ಮೊದಲನೇ ಬ್ಯಾಂಡ್‌ನ ಸಾಮಾನು ಸ್ಟೇಜ್ ಮೇಲೇ ಇರತ್ತೆ. ಎಲ್ಲರಿಗೂ ಪೂರ್ತಿ ಚೆಕ್ ಕೊಡೋಕಾಗಲ್ಲ, ನಡುವಿನವರಿಗೆ ಬರೀ ಲೈನ್ ಚೆಕ್, ಅಂದ್ರೆ ಪ್ರತಿ ಚಾನೆಲ್‌ನಲ್ಲಿ ಸಿಗ್ನಲ್ ಬರ್ತಿದೆಯಾ ನೋಡೋದು, ಉಳಿದಿದ್ದು ಮೊದಲ ಹಾಡಲ್ಲೇ ಸರಿಹೋಗತ್ತೆ. ಅದಕ್ಕೇ ನಾನು ಹೇಳೋದು ಮೊದಲ ಹಾಡು ಎಲ್ಲರೂ ಬಾರಿಸೋ ಥರದ್ದು ಇರ್ಲಿ ಅಂತ, ಒಬ್ಬನೇ ಗಿಟಾರ್ ಹಿಡಿದು ಮೆಲ್ಲಗೆ ಶುರು ಮಾಡೋ ಹಾಡಲ್ಲಿ ಮಿಕ್ಸ್ ಕೂರಿಸೋದು ಹೇಗೆ?

ಬಿಸಿಲಿನ ಕಾಟ ಬೇರೆ. ಲೋಹದ ತಂತಿ ಕಾದ್ರೆ ಹಿಗ್ಗತ್ತೆ, ಶ್ರುತಿ ಇಳಿಯತ್ತೆ, ಕೊಳಲು ಸ್ಯಾಕ್ಸೋಫೋನ್ ಅದಕ್ಕೆ ತದ್ವಿರುದ್ಧ, ಒಳಗಿನ ಗಾಳಿ ಬಿಸಿಯಾದಷ್ಟೂ ಶ್ರುತಿ ಏರತ್ತೆ. ಎರಡೂ ಇರೋ ಬ್ಯಾಂಡ್ ಮಧ್ಯಾಹ್ನ ಹತ್ತಿದ್ರೆ ಏನಾಗತ್ತೆ ಯೋಚನೆ ಮಾಡಿ. ಅದಕ್ಕೆ ಸ್ಟೇಜ್ ಪಕ್ಕ ನೆರಳಲ್ಲಿ ಒಂದು ಜಾಗ ಬಿಟ್ಟಿದೀವಿ, ಹಾಡೋಕೆ ಒಂದರ್ಧ ಗಂಟೆ ಮುಂಚೆ ಗಿಟಾರ್‌ಗಳೆಲ್ಲ ಕೇಸ್‌ನಿಂದ ಹೊರಗೆ ಬಂದು ಅಲ್ಲಿ ನಿಲ್ಬೇಕು, ಕಾರ್ ಡಿಕ್ಕಿಯಿಂದ ನೇರ ಸ್ಟೇಜ್‌ಗೆ ತರೋ ಹಾಗಿಲ್ಲ. ಮಿಕ್ಸರ್ ಓಡಿಸೋ ಟ್ಯಾಬ್ಲೆಟ್‌ಗೂ ನೆರಳು ಬೇಕು, ಬಿಸಿಲಲ್ಲಿ ಕಾದು ತಾನೇ ಆಫ್ ಆಗತ್ತೆ.

ಕರೆಂಟ್ ವಿಷಯದಲ್ಲಿ ನಾನು ಜಗಳಗಂಟ. ಲೈಟ್ ಒಂದು ಫೇಸ್, ಸೌಂಡ್ ಇನ್ನೊಂದು ಫೇಸ್, ಮತ್ತೆ ಸ್ಟೇಜ್ ಮೇಲಿರೋ ಆಂಪ್, ಮಾನಿಟರ್ (ಹಾಡೋರಿಗೆ ತಮ್ಮ ಸೌಂಡ್ ಕೇಳಿಸೋ ಸ್ಪೀಕರ್), ಮಿಕ್ಸರ್ ಎಲ್ಲಾ ಒಂದೇ ಕಡೆಯಿಂದ ಒಂದೇ ಅರ್ಥಿಂಗ್‌ನಲ್ಲಿ. ಗಿಟಾರ್ ಆಂಪ್‌ಗೆ ಒಂದು ಕಡೆಯಿಂದ, ಮೈಕ್ ಕಡೆಗೆ ಇನ್ನೊಂದು ಕಡೆಯಿಂದ ಕರೆಂಟ್ ಬಂದು ಅರ್ಥಿಂಗ್ ಸರಿ ಇಲ್ದಿದ್ರೆ ಗಿಟಾರ್ ತಂತಿ ಹಿಡಿದವನ ತುಟಿ ಮೈಕ್‌ಗೆ ತಾಗಿದ ತಕ್ಷಣ ಶಾಕ್. ಸ್ಪೀಕರ್‌ನಲ್ಲಿ ಹಮ್ ಅನ್ನೋ ಸದ್ದು ಬರ್ತಿದೆ ಅಂತ ಪ್ಲಗ್‌ನ ಅರ್ಥ್ ಪಿನ್ ಕಿತ್ತು ಹಾಕೋ ಜಾಣರಿದ್ದಾರೆ, ಅಂಥವರನ್ನ ಬೋರ್ಡ್ ಹತ್ರ ಸೇರಿಸ್ಬೇಡಿ, ವಾದ್ಯದ ಸಿಗ್ನಲ್ ಮಿಕ್ಸರ್‌ಗೆ ಕಳಿಸೋ ಡಿಐ ಬಾಕ್ಸ್‌ನಲ್ಲಿ ಗ್ರೌಂಡ್ ಲಿಫ್ಟ್ ಸ್ವಿಚ್ (ಸಿಗ್ನಲ್ ಕೇಬಲ್‌ನ ಗ್ರೌಂಡ್ ಮಾತ್ರ ಬಿಡಿಸೋದು) ಇರೋದೇ ಆ ಹಮ್ ಹೋಗಿಸೋಕೆ.

ಬ್ಯಾಂಡ್ ಆರ್ಡರ್ ಹಾಕೋವಾಗ್ಲೂ ನಾನು ನೋಡೋದು ಚೇಂಜ್‌ಓವರ್‌ನೇ. ಒಂದೇ ಥರ ಸೆಟಪ್ ಇರೋರು ಅಕ್ಕಪಕ್ಕ. ಎರಡು ದೊಡ್ಡ ಬ್ಯಾಂಡ್ ಮಧ್ಯೆ ಇಬ್ಬರೇ ಇರೋ ಅಕೌಸ್ಟಿಕ್ ಜೋಡಿ ಹಾಕಿ ಅವರನ್ನ ಸ್ಟೇಜ್ ತುದೀಲಿ ಕೂರಿಸಿದ್ರೆ ಹಿಂದೆ ನಾವು ಕೀಬೋರ್ಡ್ ಸರಿಸ್ತಾ ಇರ್ತೀವಿ, ಜನಕ್ಕೆ ಗೊತ್ತೇ ಆಗಲ್ಲ. ಕಾಲೇಜ್ ಬ್ಯಾಂಡ್‌ಗಳು ಸ್ನೇಹಿತರ ದಂಡು ಕಟ್ಕೊಂಡು ಬರ್ತಾರೆ, ಅವರ ಸೆಟ್ ಮುಗೀತು ಅಂದ್ರೆ ದಂಡೂ ಖಾಲಿ, ಹಾಗಾಗಿ ಅವರನ್ನ ಮಧ್ಯಕ್ಕೆ. ದುಡ್ಡು ಎಷ್ಟಾದ್ರೂ ಸರಿ, ಎಲ್ಲಾ ಬ್ಯಾಂಡ್‌ಗೂ ಒಂದೇ ಮೊತ್ತ, ಮೊದಲೇ ಹೇಳಿ ಸ್ಟೇಜ್ ಇಳಿದ ಕೂಡ್ಲೇ ಕೈಗೆ ಕೊಟ್ಬಿಡ್ತೀವಿ, ಎಕ್ಸ್‌ಪೋಷರ್ ಸಿಗತ್ತೆ ಅಂತ ಬಿಟ್ಟಿ ಹಾಡಿಸೋದು ನಮಗೆ ಸರಿಬರಲ್ಲ.

ಇನ್ನು "ಒಂದೇ ಒಂದು ಸಾಂಗ್ ಅಣ್ಣಾ" ಅನ್ನೋ ರೋಗ. ಹಾಡು ಅಂದ್ರೆ 5 ನಿಮಿಷ, ಮಾತು ಸೇರಿ 8, ಎಲ್ಲರಿಗೂ ಬಿಟ್ರೆ ಕೊನೇ ಬ್ಯಾಂಡ್‌ಗೆ ಸಮಯವೇ ಇರಲ್ಲ. ಸೆಟ್‌ಲಿಸ್ಟ್ ಕೊಡೋವಾಗ್ಲೇ ಲೇಟಾದ್ರೆ ಯಾವ ಹಾಡು ಬಿಡ್ತೀರ ಅದಕ್ಕೆ ನೀವೇ ಸುತ್ತು ಹಾಕಿ ಕೊಡಿ ಅಂತೀನಿ, ಒಂದು ಕಾಪಿ ನನ್ನ ಹತ್ರ, ಒಂದು ಸೌಂಡ್ ಟೇಬಲ್‌ನಲ್ಲಿ. ಸಮಯ ಮೀರ್ತಿದ್ರೆ ಮಾನಿಟರ್ ಪಕ್ಕ ಹೋಗಿ ಸುತ್ತು ಹಾಕಿರೋ ಆ ಹಾಡು ತೋರಿಸ್ತೀನಿ. ಅವರೇ ಹಾಕಿದ ಸುತ್ತಾದ್ರಿಂದ ಸ್ಟೇಜ್ ಮೇಲೆ ಜಗಳಕ್ಕೆ ಬರಲ್ಲ, ಇಳಿದ ಮೇಲೆ ಬೈದ್ರೆ ಬೈಸ್ಕೊತೀನಿ, ಅಷ್ಟು ಹೊತ್ತಿಗೆ ಮುಂದಿನವರ ಲೈನ್ ಚೆಕ್ ನಡೀತಿರತ್ತೆ.