ಚಾಲಿ ಇಡುವ ಮುನ್ನ ಕ್ವಿಂಟಲ್ ಲೆಕ್ಕ ಹಾಕಿ

ಶಿರಸಿ ಪೇಟೆಯಲ್ಲಿ ದರ ಸಾವಿರ ಬಿದ್ದರೆ ಅಟ್ಟದಲ್ಲಿದ್ದ ಚಾಲಿಯೆಲ್ಲ, ಅಂದರೆ ಒಣಗಿಸಿ ಸುಲಿದ ಬಿಳಿ ಅಡಿಕೆಯೆಲ್ಲ, ಒಮ್ಮೆಲೇ ವಖಾರಿಗೆ (ಮಾಲು ಮಾರಿಕೊಡುವ ದಲಾಲಿ ಅಂಗಡಿಗೆ) ಇಳಿಯುತ್ತದೆ. ಏರತೊಡಗಿದರೆ ಒಂದು ಚೀಲವೂ ಅಲುಗುವುದಿಲ್ಲ. ಆಮದಿನ ಸುದ್ದಿ, ಗುಟ್ಕಾ ನಿಷೇಧದ ಸುದ್ದಿ, ಯಾವುದು ಬಂದರೂ ಇದೇ ಆಟ. 2023ರಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆ (ಇದಕ್ಕಿಂತ ಅಗ್ಗದ್ದನ್ನು ಹೊರದೇಶದಿಂದ ತರಿಸುವಂತಿಲ್ಲ) ಕಿಲೋಗೆ ₹351ಕ್ಕೆ ಏರಿದರೂ ಏರಿಳಿತ ನಿಂತಿಲ್ಲ.

ಹತ್ತಿ, ಮೆಕ್ಕೆಜೋಳದವರಿಗಾದರೆ ಫ್ಯೂಚರ್ಸ್ ಇದೆ, ಅಂದರೆ ಮುಂದಿನ ದಿನಾಂಕದ ವ್ಯಾಪಾರಕ್ಕೆ ಇವತ್ತೇ ದರ ಕಟ್ಟುವ ಎಕ್ಸ್‌ಚೇಂಜ್ ಕರಾರು. ಮುಂದಿನ ತಿಂಗಳಿನ ಕಾಂಟ್ರಾಕ್ಟ್ ಈಗಲೇ ಮಾರಿಟ್ಟರೆ ಪೇಟೆ ಬಿದ್ದಾಗ ಮಾಲಿನಲ್ಲಿ ಕಳೆದದ್ದು ಬಹುಪಾಲು ಅಲ್ಲಿ ಬರುತ್ತದೆ. ಏರಿದರೆ ಉಲ್ಟಾ, ಮಾರ್ಜಿನ್ (ನಷ್ಟಕ್ಕೆ ಈಡಾಗಿ ಇಡುವ ಹಣ) ತುಂಬುತ್ತಿರಬೇಕು. ಪುಟ್ ಆಪ್ಷನ್, ಅಂದರೆ ಗೊತ್ತು ಮಾಡಿದ ದರಕ್ಕೆ ಮಾರುವ ಹಕ್ಕು, ಕೊಂಡವರಿಗೆ ಹೋಗುವುದು ಪ್ರೀಮಿಯಂ (ಆ ಹಕ್ಕಿಗೆ ಕೊಟ್ಟ ಬೆಲೆ) ಮಾತ್ರ. ಅಡಿಕೆಗೆ ಈಗ ಇವೆರಡೂ ಇಲ್ಲ. ‘ಅಡಿಕೆ ಇಲ್ಲದಿದ್ದರೇನು, ಏಲಕ್ಕಿ ಫ್ಯೂಚರ್ಸ್ ಮಾಡಿ’ ಎನ್ನುವ ಬ್ರೋಕರ್ ಫೋನು ಬಂದರೆ ಇಟ್ಟುಬಿಡಿ. ಏಲಕ್ಕಿ ದರ ಚಾಲಿಯ ಜೊತೆ ನಡೆಯುವುದಿಲ್ಲ, ಹಾಗಾಗಿ ಅದು ರಕ್ಷಣೆಯಲ್ಲ, ಎರಡನೇ ಜೂಜು. ಎಕ್ಸ್‌ಚೇಂಜಿನ ಹೊರಗೆ ಬಾಯಿಮಾತಿನಲ್ಲಿ ನಡೆಯುವ ಡಬ್ಬಾ ವ್ಯಾಪಾರವಂತೂ ಕಾನೂನುಬಾಹಿರ.

ಹಾಗಾಗಿ ರಕ್ಷಣೆಯನ್ನು ಮಾರುವ ಕ್ರಮದಲ್ಲೇ ಕಟ್ಟಿಕೊಳ್ಳಬೇಕು.

ಮೊದಲು, ಸೊಸೈಟಿ ಸಾಲದ ಕಂತು, ಕೊಯ್ಲಿನ ಕೂಲಿ, ಮಳೆಗಾಲಕ್ಕೆ ಮುಂಚಿನ ಔಷಧಿ ಖರ್ಚು ಕೂಡಿಸಿ. ಅಷ್ಟು ಹಣಕ್ಕೆ ಬೇಕಾದ ಮಾಲನ್ನು ದರ ಹೇಗಿದ್ದರೂ ಮಾರಿ.

ಉಳಿದದ್ದನ್ನು ಮೂರು ಪಾಲು ಮಾಡಿ. ಎರಡು ಸಾಲದು, ಐದು ಮಾಡಿದರೆ ಗಾಡಿ ಬಾಡಿಗೆ ತಿನ್ನುತ್ತದೆ.

ಆಮೇಲೆ ನೋಡಬೇಕಾದದ್ದು ಮಾಲು ಕೂಡಿಡುವ ಖರ್ಚು. ಬಹುತೇಕರು ಎಡವುವುದು ಇಲ್ಲೇ: ‘ನಲವತ್ತಕ್ಕೆ ಇಟ್ಟೆ, ನಲವತ್ತೊಂದಕ್ಕೆ ಮಾರಿದೆ, ಸಾವಿರ ಲಾಭ’ ಎನ್ನುತ್ತಾರೆ. ಲೆಕ್ಕಕ್ಕೆ ದರ ಕ್ವಿಂಟಲಿಗೆ ₹40,000 ಎಂದಿಟ್ಟುಕೊಳ್ಳಿ. ಶೇ 70ರಷ್ಟು, ಅಂದರೆ ₹28,000, ಅಡಮಾನ ಸಾಲ (ಮಾಲನ್ನೇ ಒತ್ತೆ ಇಟ್ಟು ಪಡೆಯುವ ಸಾಲ) ವರ್ಷಕ್ಕೆ ಶೇ 10ರ ಬಡ್ಡಿಗೆ ಸಿಕ್ಕಿತು. ನಾಲ್ಕು ತಿಂಗಳಿಗೆ ಬಡ್ಡಿ ₹933. ಉಳಿದ ₹12,000 ನಿಮ್ಮದೇ ಹಣ. ಠೇವಣಿಯಲ್ಲಿದ್ದರೆ ಶೇ 6ರಂತೆ ₹240 ಬರುತ್ತಿತ್ತು, ಅದನ್ನೂ ಸೇರಿಸಿ. ಒಟ್ಟು ₹1,173. ಜೊತೆಗೆ ತೂಕ. ಶೇ 1 ಇಳಿದರೂ 99 ಕಿಲೋದಲ್ಲಿ ₹41,173 ಹುಟ್ಟಬೇಕು. ಅಂದರೆ ನಾಲ್ಕು ತಿಂಗಳ ನಂತರ ದರ ₹41,600ರ ಹತ್ತಿರ ಇದ್ದರಷ್ಟೇ ಇವತ್ತು ಮಾರಿದ್ದಕ್ಕೆ ಸಮ. ಗೋದಾಮು ಬಾಡಿಗೆ, ವಿಮೆ ಇದರ ಮೇಲೆ. ನಲವತ್ತೊಂದಕ್ಕೆ ಮಾರಿದವನಿಗೆ ಆದದ್ದು ಸುಮಾರು ಆರುನೂರು ನಷ್ಟ.

ತೂಕ ಇಳಿಯುವುದನ್ನು ಊಹಿಸಬೇಡಿ. ಒಂದು ಚೀಲಕ್ಕೆ ಗುರುತು ಹಾಕಿ, ತಿಂಗಳಿಗೊಮ್ಮೆ ಅದನ್ನೇ ತೂಗಿ. ಅರೆ ಒಣಗಿದ ಚಾಲಿಯನ್ನು ಘಟ್ಟದ ಮೇಲಿನ ಮಳೆಗಾಲಕ್ಕೆ ಇಟ್ಟರೆ ತೂಕದ ಪ್ರಶ್ನೆಯೇ ಬರದು. ಬೂಷ್ಟು ಹಿಡಿದು ದರ್ಜೆಯೇ ಇಳಿಯುತ್ತದೆ, ಆ ನಷ್ಟಕ್ಕೆ ಶೇಕಡಾ ಲೆಕ್ಕ ಸಾಲದು. ಒಳಗೆ ಪ್ಲಾಸ್ಟಿಕ್ ಇಲ್ಲದ ಬರಿ ಗೋಣಿಚೀಲ ಬೇಡ. ಬೇಯಿಸಿ ಒಣಗಿಸಿದ ಕೆಂಪು ಅಡಿಕೆಯಾದ ರಾಶಿಗೆ ಬಣ್ಣವೇ ಬೆಲೆ. ಚಾಲಿಯಷ್ಟು ಧೈರ್ಯದಿಂದ ಅದನ್ನು ಕೂಡಿಡಬಾರದು.

ಅಡಮಾನ ಸಾಲದಲ್ಲಿ ಇನ್ನೊಂದು ಹೊಂಡವಿದೆ. ದರ ₹34,000ಕ್ಕೆ ಬಿದ್ದರೆ ಅದರ ಶೇ 70 ಆಗುವುದು ₹23,800. ಕ್ವಿಂಟಲಿಗೆ ₹4,200 ಕಟ್ಟಿ ಎಂದು ಸಾಲ ಕೊಟ್ಟವರು ಕರೆಯಬಹುದು. ಹತ್ತು ಕ್ವಿಂಟಲಿಗೆ ₹42,000. ಕಟ್ಟಲಾಗದವರ ಮಾಲು ಪೇಟೆ ತಳ ಮುಟ್ಟಿದ ದಿನವೇ ಹೋಗುತ್ತದೆ. ಶೇ 70 ಕೊಡುತ್ತೇವೆ ಎಂದರೂ ಶೇ 50 ಮಾತ್ರ ಎತ್ತಿ. ಆಗ ದರ ₹30,000ಕ್ಕೆ ಇಳಿದರೂ ಕರೆ ಬರುವುದಿಲ್ಲ.

ಕೊನೆಗೆ, ಮೂರು ಪಾಲಿಗೂ ದರವನ್ನೂ ದಿನಾಂಕವನ್ನೂ ಕ್ಯಾಲೆಂಡರಿನ ಮೇಲೆ ಬರೆಯಿರಿ: ಮೊದಲ ಪಾಲು ತಿಂಗಳೊಳಗೆ, ಎರಡನೆಯದು ಸಮದ ದರಕ್ಕಿಂತ ಸಾವಿರ ಮೇಲೆ ಬಂದಾಗ ಅಥವಾ ನಾಲ್ಕನೇ ತಿಂಗಳು, ಯಾವುದು ಮೊದಲೋ ಅದಕ್ಕೆ. ಮೂರನೆಯದನ್ನು ಬೇಕಾದರೆ ಇನ್ನೂ ಕಾಯಿಸಿ, ಅದರ ಮೇಲೆ ಸಾಲ ಮಾತ್ರ ಬೇಡ. ಟೆಂಡರಿನಲ್ಲಿ (ವ್ಯಾಪಾರಿಗಳು ದರ ಬರೆದು ಕೊಡುವ ಹರಾಜಿನಲ್ಲಿ) ಬಂದ ದರ ಒಪ್ಪದಿದ್ದರೆ ಅದೇ ದಿನ ವಖಾರಿಗೆ ತಿಳಿಸಿ. ಸುಮ್ಮನಿದ್ದರೆ ಒಪ್ಪಿದಿರಿ ಎಂದಾಗಬಹುದು.